ಮೂವತ್ತು ಪುಟದ ವಿಭೂತಿ

ಸರ್ಕಾರದ ಗಣಕದ ಪ್ರಕಾರ ನನ್ನ ಗಂಡ ತೀರಿಕೊಂಡು ಏಳು ವರ್ಷವಾಯಿತು. ಆ ಪುಣ್ಯಾತ್ಮ ಇವತ್ತು ಬೆಳಿಗ್ಗೆಯೂ ನಾಲ್ಕು ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಹೇಳಿಯೇ ಎದ್ದದ್ದು. ಅವರಿಗೆ ಒಬ್ಬ ಚಿಕ್ಕಪ್ಪನ ಮಗನಿದ್ದ. ಇಬ್ಬರಿಗೂ ಅಜ್ಜನ ಹೆಸರೇ ಇಟ್ಟಿದ್ದರು, ಇಬ್ಬರೂ ಹುಟ್ಟಿದ್ದು ಒಂದೇ ದಿನ. ಒಂದೇ ಮನೆತನ, ಒಂದೇ ಹೆಸರು, ಒಂದೇ ತಾರೀಖು, ಮತ್ತೆ ಇಬ್ಬರು ಹೇಗಾದಾರು, ಇದು ಯಾರೋ ಗುಮಾಸ್ತನ ಕೈತಪ್ಪು ಎಂದು ‘ಶುದ್ಧಿ’ ತೀರ್ಮಾನಿಸಿತು. ಇಬ್ಬರನ್ನೂ ಕಲಸಿ ಒಬ್ಬನನ್ನಾಗಿ ಮಾಡಿತು. ಆಮೇಲೆ ಆ ತಮ್ಮ ತೀರಿಕೊಂಡ. ಅವನ ಜೊತೆ ಇವರೂ ಹೋದರು.

ಶುದ್ಧಿ ಎಂಬುದು ಒಂದು ತಂತ್ರಾಂಶ. ಎಲ್ಲ ಇಲಾಖೆಗಳ ಕಡತಗಳನ್ನು ಒಂದೇ ಕಣಜಕ್ಕೆ ಸುರಿದ ವರ್ಷ, ಅದರೊಳಗಿನ ತಪ್ಪುಗಳನ್ನು ತಿದ್ದಲೆಂದು ಅದನ್ನು ಕೂರಿಸಿದರು. ಹತ್ತು ಸಾವಿರ ಜನ ಒಂದು ರೀತಿ ಇದ್ದು ಒಬ್ಬ ಮಾತ್ರ ಬೇರೆ ರೀತಿ ಇದ್ದರೆ ಆ ಒಬ್ಬನೇ ತಪ್ಪು ಎನ್ನುವುದು ಅದರ ಬುದ್ಧಿ. ತಿದ್ದಿದ ಮೇಲೆ ಹಳೆಯದನ್ನು ಉಳಿಸಿಕೊಳ್ಳುತ್ತಲೂ ಇರಲಿಲ್ಲ, ಸುಮ್ಮನೆ ಜಾಗ ದಂಡ ಎಂದು. ಹೀಗೆ ಹನ್ನೊಂದು ವರ್ಷ ನಡೆಯಿತು. ಅವಳಿ ಮಕ್ಕಳು ಒಬ್ಬರಾದರು, ನೂರಾ ನಾಲ್ಕು ವರ್ಷದ ಅಜ್ಜಿಯರು ಹುಟ್ಟಲೇ ಇಲ್ಲ ಎಂದಾಯಿತು. ಎಲ್ಲರಿಗೂ ಎಚ್ಚರವಾಗುವ ಹೊತ್ತಿಗೆ ಮೂಲ ಕಾಗದಗಳು ರದ್ದಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

ಆಗ ಜನಕ್ಕೆ ನಮ್ಮ ನೆನಪಾಯಿತು. ನಾವು ಅಂದರೆ ಫಿಲ್ಮಿನವರು. ನಲವತ್ತು ಐವತ್ತು ವರ್ಷ ಹಿಂದೆ ಹಳೆಯ ಕಾಗದಗಳ ಚಿತ್ರವನ್ನು ಇಪ್ಪತ್ತು ಪಾಲು ಕಿರಿದು ಮಾಡಿ ಫಿಲ್ಮಿನ ಸುರುಳಿಗೆ ಇಳಿಸುವ ಕೆಲಸ ನಮ್ಮದಾಗಿತ್ತು. ಬೆಳ್ಳಿಯ ಪುಡಿಯಲ್ಲಿ ಮೂಡಿದ ಚಿತ್ರ ಅದು. ತಂಪಾಗಿ, ಒಣಗಿದ ಗಾಳಿಯಲ್ಲಿ ಇಟ್ಟರೆ ಐನೂರು ವರ್ಷಕ್ಕೂ ಏನೂ ಆಗುವುದಿಲ್ಲ. ಓದಲಿಕ್ಕೆ ಒಂದು ದೀಪ, ಒಂದು ಮಸೂರ ಸಾಕು. ಯಾವ ಬುದ್ಧಿವಂತ ಯಂತ್ರವೂ ದೂರದಲ್ಲಿ ಕೂತು ಅದರೊಳಗೆ ಕೈ ಹಾಕಲಾರದು. ಕಡೆಗೆ ‘ಬೆಳಕಿನ ಕಾಯಿದೆ’ ಬಂತು. ದೀಪ ಮತ್ತು ಮಸೂರದಿಂದ, ಅರ್ಜಿದಾರರ ಕಣ್ಣೆದುರಿಗೆ ಓದಿದ್ದು ಮಾತ್ರ ಪುರಾವೆ ಎಂದಾಯಿತು. ಗದಗಿನ ಆಚೆ ಗುಡ್ಡದಲ್ಲಿ ಬಿಟ್ಟುಹೋದ ಒಂದು ಚಿನ್ನದ ಗಣಿಯಿತ್ತು. ಅದರ ಸುರಂಗದಲ್ಲಿ ನಮ್ಮ ಸುರುಳಿಗಳನ್ನು ಜೋಡಿಸಿದರು. ಅರವತ್ತೈದು ದಾಟುತ್ತಿದ್ದ ನನ್ನನ್ನು ಮನೆಯಿಂದ ಕರೆಸಿಕೊಂಡರು. ಚಿನ್ನ ತೆಗೆದ ಗುಂಡಿಯೊಳಗೆ ಬೆಳ್ಳಿ ಕಾಯುವ ಕೆಲಸ.

ಮಹಾನಂದಾ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ. ಬೆಟಗೇರಿಯ ನೇಕಾರ ಹೆಂಗಸು, ಅರವತ್ತರ ಆಸುಪಾಸು. ಕೈಯಲ್ಲಿ ಡಾಕ್ಟರ ಚೀಟಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದು, ಓದುವ ಯಂತ್ರಕ್ಕೊಮ್ಮೆ ಕೈ ಮುಗಿದು ಕೂತಳು.

“ನನ್ನ ಸೊಸಿರಿ, ಸಿಂಚನಾ. ಚೊಚ್ಚಲ ಬಸರಿ. ಮಾಸು ಗರ್ಭಚೀಲದ ಬಾಯಿಗೆ ಅಡ್ಡ ಬಂದೈತಂತ್ರಿ. ಶುಕ್ರವಾರ ಹೊಟ್ಟಿ ಕೊಯ್ದು ಕೂಸು ತಗೀಬೇಕು, ಅದಕಿಂತ ಮುಂದ ಹಾಕಂಗಿಲ್ಲ ಅಂತಾರ. ರಕ್ತ ಭಾಳ ಹೋಗತೈತಂತ. ಎರಡು ಬಾಟ್ಲಿ ಬೇಕಂತ್ರಿ ಅಕ್ಕಾರ. ಮಾಡಿದ ರಕ್ತ ಆಕಿಗೆ ಒಗ್ಗಂಗಿಲ್ಲಂತ.”

ಮಾಡಿದ ರಕ್ತ ಎಂದರೆ ತೊಟ್ಟಿಯಲ್ಲಿ ಬೆಳೆಸುವ ರಕ್ತ. ಅದು ಬಂದು ಹದಿಮೂರು ವರ್ಷವಾಯಿತು. ಎಲ್ಲವೂ ‘ಓ’ ಗುಂಪು, ಯಾರಿಗೆ ಬೇಕಾದರೂ ನಡೆಯುತ್ತದೆ. ರಕ್ತ ಕೊಡುವ ಪದ್ಧತಿಯೇ ನಿಂತುಹೋಗಿತ್ತು. ನಾನು ಡಾಕ್ಟರಿಗೆ ಫೋನು ಹಚ್ಚಿದೆ. ಪಾಪ, ಅವರು ನಿದ್ದೆಗೆಟ್ಟ ದನಿಯಲ್ಲೇ ತಿಳಿಸಿ ಹೇಳಿದರು. ನಮ್ಮೆಲ್ಲರ ರಕ್ತಕಣದ ಮೇಲೆ ‘ಎಚ್’ ಎಂಬ ಒಂದು ಪದಾರ್ಥ ಇರುತ್ತದಂತೆ. ಅದರ ಮೇಲೆಯೇ ಎ, ಬಿ ಕಟ್ಟಿಕೊಳ್ಳುವುದು. ‘ಓ’ ಗುಂಪಿನವರಲ್ಲೂ ಬರೀ ಎಚ್ ಇದ್ದೇ ಇರುತ್ತದೆ. ಹತ್ತು ಸಾವಿರಕ್ಕೊಬ್ಬರಲ್ಲಿ ಮಾತ್ರ ಅದೂ ಇರುವುದಿಲ್ಲ. ಅದಕ್ಕೆ ಬಾಂಬೆ ಗುಂಪು ಎಂದು ಹೆಸರು. ಅವರ ಮೈಗೆ ‘ಓ’ ರಕ್ತವೂ ಪರಕೀಯವೇ. ಅವರಂಥವರದೇ ರಕ್ತ ಬೇಕು.

“ಸಾದಾ ಪರೀಕ್ಷೆಯಲ್ಲಿ ಅವರೂ ‘ಓ’ ಅಂತಲೇ ಬರ್ತಾರ, ದಾಕ್ಷಾಯಣಿಯವರ. ಇನ್ನೊಂದು ಪರೀಕ್ಷೆ ಮಾಡಿದ್ರ ಮಾತ್ರ ಗೊತ್ತಾಗೂದು” ಎಂದರು ಡಾಕ್ಟರು. “ಹಿಂದ ಊರೂರಿಗೆ ಅಂಥವರ ಪಟ್ಟಿ ಇತ್ತು. ಈಗ ಕಂಪ್ಯೂಟರಿನಾಗ ಹುಡುಕಿದ್ರ ಇಡೀ ರಾಜ್ಯದಾಗ ಒಬ್ಬರೂ ಇಲ್ಲ. ಎಲ್ಲಾರೂ ‘ಓ’!”

ಯಾಕೆಂದು ಬಿಡಿಸಿ ಹೇಳಬೇಕೆ. ಹತ್ತು ಸಾವಿರಕ್ಕೊಬ್ಬ ಎಂದರೆ ಶುದ್ಧಿಯ ಕಣ್ಣಿಗೆ ಅದು ತಪ್ಪೇ. ಸಿಂಚನಾಳಿಗೆ ಒಡಹುಟ್ಟಿದವರಿಲ್ಲ, ತಾಯಿ ತೀರಿಕೊಂಡಿದ್ದಾಳೆ, ತಂದೆಯ ರಕ್ತ ಹೊಂದುವುದಿಲ್ಲ. ಉಳಿದದ್ದು ನಮ್ಮ ಸುರಂಗ ಒಂದೇ.

ಸೂಚಿಯ ಚೀಟಿ ಪೆಟ್ಟಿಗೆ ಎಳೆದೆ. ಅದೃಷ್ಟ ನೋಡಿ, ಅಲ್ಲಿ ಇತ್ತು: ಧರ್ಮಾರ್ಥ ರಕ್ತನಿಧಿ, ದಾನಿಗಳ ದಾಖಲೆ, 2001ರಿಂದ 2006, ಸುರುಳಿ 1187 ಮತ್ತು 1188. ಆ ರಕ್ತನಿಧಿ ಮುಚ್ಚುವಾಗ ಪುಸ್ತಕಗಳು ರದ್ದಿಗೆ ಹೋಗುವ ಮೊದಲು ನಮ್ಮ ಘಟಕಕ್ಕೆ ಬಂದಿದ್ದವು. ಎರಡೂ ಡಬ್ಬಿ ತಂದು, ಕಾಯಿದೆಯಂತೆ ಮಹಾನಂದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರುಳಿ ತಿರುಗಿಸತೊಡಗಿದೆ. ಪರದೆಯ ಮೇಲೆ ಪುಟಗಳು ಓಡುತ್ತಿದ್ದವು: ಕ್ರಮಸಂಖ್ಯೆ, ಹೆಸರು, ಊರು, ವಯಸ್ಸು, ಗುಂಪು. ನಾನು ಗುಂಪಿನ ಸಾಲನ್ನಷ್ಟೇ ನೋಡುತ್ತಿದ್ದೆ. ಆಕೆ ಬಾಯಲ್ಲೇ ಏನೋ ಜಪಿಸುತ್ತಿದ್ದಳು.

ಮೊದಲ ಸುರುಳಿಯಲ್ಲಿ ಒಬ್ಬರು ಸಿಕ್ಕರು. ಆಗಲೇ ಐವತ್ತೆಂಟರ ಹೆಂಗಸು, ಈಗ ಇದ್ದರೆ ನೂರರ ಮೇಲೆ. ಎರಡನೆಯದರಲ್ಲಿ, ಇನ್ನೂರಾ ಹದಿನೇಳನೆಯ ಚೌಕಟ್ಟಿನಲ್ಲಿ, ಬಲತುದಿಗೆ ದಪ್ಪಕ್ಷರದಲ್ಲಿ ‘ಬಾಂಬೆ’ ಎಂದಿತ್ತು. ವಯಸ್ಸು ಹದಿನೆಂಟು. ಹಾಗಾದರೆ ಈಗ ಅರವತ್ತೊಂದು, ಇನ್ನೂ ರಕ್ತ ಕೊಡಬಹುದಾದ ವಯಸ್ಸು!

“ಸಿಕ್ತೇನ್ರಿ?” ಎಂದು ಮಹಾನಂದಾ ಅರ್ಧ ಎದ್ದೇಬಿಟ್ಟಳು.

ಹೆಸರು ಮತ್ತು ಊರು ಇರಬೇಕಾದ ಕಡೆ ಏನೂ ಇರಲಿಲ್ಲ. ಪುಟದ ಅಡ್ಡಕ್ಕೆ ಮೂರು ಅಗಲವಾದ ಬಿಳಿ ಪಟ್ಟಿ, ನಡುವೆ ಒಂದು ಕಪ್ಪು ಬೊಟ್ಟು. ಹಿಂದಿನ ಪುಟಕ್ಕೆ ಹೋದೆ, ಅಲ್ಲೂ ಹಾಗೇ. ಮುಂದಿನದರಲ್ಲೂ ಹಾಗೇ. ಒಟ್ಟು ಮೂವತ್ತು ಪುಟ.

“ಇದೇನ್ರಿ ಅಕ್ಕಾರ, ಮೂರು ಪಟ್ಟಿ?”

“ಫಿಲ್ಮಿನ ಕಲಿ ಇರಬೇಕವ್ವಾ” ಎಂದೆ. ಹಸಿ ಸುಳ್ಳು. ಅದು ಕಲೆಯಲ್ಲ ಎಂದು ಆ ಸುರಂಗದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅದು ನನ್ನದೇ ಮೂರು ಬೆರಳು.

ಆಗ ನನಗೆ ಇಪ್ಪತ್ತೆರಡು. ದಿನಗೂಲಿಯ ಮೇಲೆ ಕ್ಯಾಮರಾ ನಡೆಸುತ್ತಿದ್ದೆ. ಕೆಳಗೆ ಮೇಜು, ಮೇಲೆ ಕಂಬಕ್ಕೆ ಕಟ್ಟಿದ ಕ್ಯಾಮರಾ, ಪುಸ್ತಕದ ಪುಟ ಉಬ್ಬದಂತೆ ಒತ್ತಿಹಿಡಿಯಲು ಒಂದು ದಪ್ಪ ಗಾಜು. ಖಂಡೇನವಮಿಗೆ ನಮ್ಮ ಕಡೆ ಕುಡಗೋಲಿನಿಂದ ಲಾರಿಯವರೆಗೆ ಎಲ್ಲಕ್ಕೂ ಪೂಜೆ. ನನಗೆ ಅನ್ನ ಕೊಡುವುದು ಆ ಯಂತ್ರ. ಅದಕ್ಕೂ ಹೂವೇರಿಸಿ, ಕಾಯಿ ಒಡೆದು, ಗಾಜಿಗೆ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ. ಪೂಜೆಯ ವಿಭೂತಿಯನ್ನು ಕೈಯಾರೆ ಒರೆಸಬಾರದು, ತಾನೇ ಅಳಿಯಬೇಕು ಎಂದು ನನ್ನವ್ವ ಹೇಳುತ್ತಿದ್ದಳು. ಹಬ್ಬ ಮುಗಿಸಿ ಬಂದು ಅದರ ಮೇಲೆಯೇ ಕೆಲಸ ಶುರು ಮಾಡಿದೆ. ಮೂವತ್ತು ಪುಟ ಆಗುವ ಹೊತ್ತಿಗೆ ಯಾರೋ ಕರೆದರು, ಎದ್ದು ಹೋದೆ. ಬರುವಷ್ಟರಲ್ಲಿ ಕಸಗುಡಿಸುವಾಕೆ ಗಾಜು ಒರೆಸಿಬಿಟ್ಟಿದ್ದಳು.

ನಮ್ಮ ಮೇಲ್ವಿಚಾರಕರು ಎಲೀಶ ಸರ್, ಈಗ ಅವರಿಲ್ಲ. ಬೆಟಗೇರಿಯ ಇಗರ್ಜಿಯಲ್ಲಿ ಹಾಡು ಹೇಳಿಕೊಡುತ್ತಿದ್ದ ಮನುಷ್ಯ. ಪೂಜೆಯ ಕಾಯಿ ತಂದವರೂ ಅವರೇ. ತೊಳೆದ ಫಿಲ್ಮನ್ನು ದೀಪದ ಮೇಲಿಟ್ಟು ಪರೀಕ್ಷೆ ಮಾಡುವಾಗ ಆ ಪಟ್ಟಿಗಳನ್ನು ಕಂಡರು. ಎಲ್ಲರ ಎದುರಿಗೆ, “ಯಂತ್ರಕ್ಕ ಪೂಜಿ ಮಾಡವಾ, ಬ್ಯಾಡ ಅನ್ನಂಗಿಲ್ಲ. ಅದರ ಕಣ್ಣಿಗೆ ಯಾಕ ಬಳದಿ?” ಎಂದು ಬೈದರು. ಗುಟ್ಟಾಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಸಿಟ್ಟು ಬಂತು, ಅಳುವೂ ಬಂತು. ಎಂಟು ದಿನ ರಜೆ ಹಾಕಿ ತವರಿಗೆ ಹೋದೆ. ತಿರುಗಿ ಬಂದಾಗ ರಕ್ತನಿಧಿಯ ಪುಸ್ತಕಗಳು ರದ್ದಿಗೆ ಹೋಗಿದ್ದವು. ಆ ಮೂವತ್ತು ಪುಟದ ವಿಚಾರ ಅವರು ಎತ್ತಲಿಲ್ಲ, ನಾನು ಕೇಳಲಿಲ್ಲ. ನಲವತ್ತಮೂರು ವರ್ಷ ಮರೆತು ಹಾಯಾಗಿದ್ದೆ.

ತಪ್ಪಾಗಿ ತೆಗೆದ ಪುಟವನ್ನು ಮತ್ತೆ ತೆಗೆದು, ಅದೇ ಸುರುಳಿಯ ತುದಿಗೆ ಅಂಟಿಸಬೇಕು ಎಂಬುದು ನಿಯಮ. 1188ರ ತುದಿಯವರೆಗೂ ಓಡಿಸಿ ನೋಡಿದೆ. ‘ಮುಗಿಯಿತು’ ಎಂಬ ಫಲಕದ ಹಿಂದೆ ಮುಂದೆ ಎಲ್ಲೂ ಅಂಟಿಸಿದ ಗುರುತಿಲ್ಲ.

“ಮಧ್ಯಾಹ್ನ ಮತ್ತೊಂದು ಸಲ ನೋಡೂಣು” ಎಂದೆ. ಮಹಾನಂದಾ ಬುತ್ತಿ ಬಿಚ್ಚಲಿಲ್ಲ. ಬಾಗಿಲ ಬಳಿ ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಸೊಸೆಗೆ, “ಹ್ಞೂಂ, ಸಿಕ್ಕಂಗ ಆಗೇತಿ, ನೀ ಉಣ್ಣು” ಎನ್ನುತ್ತಿದ್ದಳು.

ಊಟಕ್ಕೆಂದು ಮನೆಗೆ ಹೋದೆ. ತಟ್ಟೆಯ ಮುಂದೆ ಸುಮ್ಮನೆ ಕೂತದ್ದು ನೋಡಿ ನಮ್ಮವರು, “ಯಾಕ, ನಾ ಖರೇನ ಸತ್ತಂಗ ಕುಂತೀಯಲ್ಲಾ?” ಎಂದರು. ಎಲ್ಲ ಹೇಳಿಬಿಟ್ಟೆ. “ಶುದ್ಧಿಗೆ ಬೈಕೋತ ತಿರಗತಿದ್ನಿ. ಅದಕ್ಕಿಂತ ನಾನೇನ ಕಡಿಮಿ ರೀ? ಒಂದು ಹೆಣ್ಣಿನ ಜೀವ, ಹೊಟ್ಟಿಯೊಳಗ ಒಂದು ಕೂಸು. ಶುಕ್ರವಾರ ಏನರೆ ಆತಂದ್ರ ಅದು ನನ್ನ ಕೈಯಾಗಿನ ಪಾಪ.”

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ನಾಲ್ಕು ದಶಕ ಬಸ್ಸು ಓಡಿಸಿದ ಮನುಷ್ಯ, ಗಾಬರಿ ಎಂಬುದೇ ಗೊತ್ತಿಲ್ಲ. “ಎಲೀಶ ಸರ್ ಅಂದ್ರ, ನಮ್ಮ ಲಗ್ನಪತ್ರಿಕಿಯೊಳಗ ತಾರೀಖು ತಪ್ಪೈತಿ ಅಂತ ಕೆಂಪು ಪೆನ್ನಿಲೆ ತಿದ್ದಿ ನನ್ನ ಕೈಯಾಗ ವಾಪಸ್ ಕೊಟ್ಟಾವ್ರಲ್ಲ?”

“ಹೌದು, ಅವರ.”

“ಅಂಥಾ ಮನಷ್ಯಾ ಮೂವತ್ತು ಪುಟ ತಪ್ಪು ನೋಡಿ ಎಂಟು ದಿನ ನಿದ್ದಿ ಮಾಡಿರ್ತಾನೇನ? ನೀ ತವರಮನಿಗೆ ಹ್ವಾದಾಗ ಆ ಯಂತ್ರ ಯಾರು ನಡಸ್ತಿದ್ರು?”

ನಾನು ಕೈ ತೊಳೆಯದೆಯೇ ಎದ್ದೆ.

ನಾನು ಇಲ್ಲದಾಗ ಕ್ಯಾಮರಾ ನಡೆಸುತ್ತಿದ್ದವರು ಅವರೇ, ಮತ್ತೆ ಯಾರು? ಆ ಎಂಟು ದಿನದಲ್ಲಿ ತೆಗೆದ ಸುರುಳಿಗಳು ನಾಲ್ಕು, 1189ರಿಂದ 1192. ಎಲ್ಲವೂ ಯಾವುದೋ ಪಟ್ಟಣದ ಜನನ ಮರಣದ ಪುಸ್ತಕಗಳು. ರಕ್ತದ ದಾಖಲೆ ಅಲ್ಲಿದೆ ಎಂದು ಯಾವ ಚೀಟಿಯೂ ಹೇಳುವುದಿಲ್ಲ. ನಾಲ್ಕೂ ಡಬ್ಬಿ ಎತ್ತಿಕೊಂಡು ಬಂದು ಮಹಾನಂದಾಳನ್ನು ಮತ್ತೆ ಒಳಗೆ ಕರೆದೆ. ಮೊದಲನೆಯದನ್ನು ಕೊನೆಯವರೆಗೆ ಓಡಿಸಿದೆ. ‘ಮುಗಿಯಿತು’ ಫಲಕ ಬಂತು. ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಸುತ್ತುವುದು ಎಲ್ಲರ ರೂಢಿ. ನಾನು ನಿಲ್ಲಿಸಲಿಲ್ಲ. ಖಾಲಿ ಫಿಲ್ಮು ಓಡಿತು, ತುದಿ ಬಂದು ಪಟಪಟ ಹೊಡೆದುಕೊಂಡಿತು. ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ‘ಮುಗಿಯಿತು’ ಬಂದ ಮೇಲೆ ಒಂದು ಮೊಳದಷ್ಟು ಖಾಲಿ ಹೋಯಿತು. ಆಮೇಲೆ, ಪರದೆಯ ತುಂಬ, ಎಲೀಶ ಸರ್ ಕೈಬರಹದ ಒಂದು ಫಲಕ ಬಂದು ನಿಂತಿತು:

‘ತಿದ್ದುಪಡಿ. ಸುರುಳಿ 1188, ಚೌಕಟ್ಟು 212ರಿಂದ 241. ಹಳೆಯ ಚೌಕಟ್ಟುಗಳನ್ನು ತೆಗೆದಿಲ್ಲ, ಇದ್ದಂತೆಯೇ ಇವೆ. ಕಾರಣ: ಹಬ್ಬ.’

ಅದನ್ನೇ ನೋಡುತ್ತ ಕೂತೆ. ಅದೇ ಸುರುಳಿಗೆ ಅಂಟಿಸಿದರೆ ಸೂಚಿಯಲ್ಲಿ ಮರುಚಿತ್ರಣದ ನಮೂದು ಬರೆಯಬೇಕು, ಅದರಲ್ಲಿ ತಪ್ಪು ಮಾಡಿದವರ ಹೆಸರೂ ಇರಬೇಕು. ದಿನಗೂಲಿಯವಳ ಹೆಸರು ಹಾಗೆ ಹೋದರೆ ಮರುದಿನ ಅವಳಿಗೆ ಕೆಲಸವಿಲ್ಲ. ಅದಕ್ಕೇ ಅವರು ನಮೂದನ್ನೇ ಬರೆದಿರಲಿಲ್ಲ. ಕೆಲಸವನ್ನು ಮಾತ್ರ ಬಿಟ್ಟಿರಲಿಲ್ಲ. ನಲವತ್ತಮೂರು ವರ್ಷ ನಾನು ಆ ಮನುಷ್ಯನನ್ನು ಒರಟ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು!

“ಅಕ್ಕಾರ, ಮುಂದ ತಿರವ್ರಿ” ಎಂದು ಮಹಾನಂದಾ ನನ್ನ ಮೊಣಕೈ ತಿವಿದಳು.

ತಿರುವಿದೆ. ಆರನೆಯ ಪುಟ. ಶುಭ್ರವಾದ ಗಾಜು, ಶುಭ್ರವಾದ ಅಕ್ಷರ: ಫಕ್ಕೀರಪ್ಪ ಯಲ್ಲಪ್ಪ ಬಾರಕೇರ, ಡಂಬಳ, ವಯಸ್ಸು ಹದಿನೆಂಟು, ಬಾಂಬೆ.

ಡಂಬಳ ಅಲ್ಲಿಂದ ಬಹಳ ದೂರವೇನಲ್ಲ. ಪಂಚಾಯತಿಗೆ ಫೋನು ಮಾಡಿದರೆ, “ಫಕ್ಕೀರಪ್ಪರಾ? ಈಗ ಇಲ್ಲೇ ಕಟ್ಟಿ ಮ್ಯಾಲ ಕುಂತಿದ್ರಲ್ರಿ” ಎಂದು ಅವರಿಗೇ ಕೊಟ್ಟರು.

“ರಕ್ತ? ಹೌದ್ರಿ, ಕಾಲೇಜಿನಾಗಿದ್ದಾಗ ಕೊಟ್ಟಿದ್ನಿ. ಒಂದು ಬಾಳಿಹಣ್ಣು, ನಾಲ್ಕು ಬಿಸ್ಕೀಟು ಕೊಟ್ರು. ಆಮ್ಯಾಲೆ ಕಾಗದ ಬಂತು, ನಿಂದು ಬಾಂಬೆ ಐತಿ ಅಂತ. ನಮ್ಮಪ್ಪ ಗಾಬರಿಬಿದ್ದು, ಮಗನ, ನೀ ಯಾವಾಗ ಬಾಂಬೆಕ್ಕ ಹೋಗಿದ್ದಿ ಅಂತ ಬಡಿಗಿ ತಗೊಂಡಿದ್ದ!”

ನಾನು ನಕ್ಕೆನೋ ಅತ್ತೆನೋ, ಎರಡೂ ಒಟ್ಟಿಗೇ ಆಯಿತು.

“ಹತ್ತು ವರ್ಷದ ಹಿಂದ ದವಾಖಾನಿಗೆ ಹೋದಾಗ ಹೇಳಿದ್ನಿ ನೋಡ್ರಿ. ಕಂಪ್ಯೂಟರ್ ನೋಡಿ, ಯಜಮಾನ್ರ, ನಿಮ್ಮದು ‘ಓ’, ಎಲ್ಲಾರಂಗ ಐತಿ ಅಂದ ಅಂವಾ. ಇಲ್ಲೋ ತಮ್ಮಾ, ನಂದು ಬ್ಯಾರೆ ಐತಿ ಅಂದ್ರ ನಕ್ಕಬಿಟ್ಟ. ಈಗ ಯಾರಿಗೆ ಬೇಕಾಗೇತ್ರಿ?”

ಹೇಳಿದೆ. “ಟೆಂಪೋ ಹೇಳತೇನಿ. ಮನಿ ಮಂದೀನ್ನೆಲ್ಲಾ ಕರಕೊಂಡ ಬರ್ತೇನಿ. ನಮ್ಮಕ್ಕನ ಮಗಳನ್ನ ನಾ ಲಗ್ನ ಆಗೇನ್ರಿ. ಮಕ್ಕಳಿಗೂ ಅದ ರಕ್ತ ಇದ್ದರೂ ಇರಬಹುದು” ಎಂದರು. ಒಬ್ಬರಿಂದ ಒಂದೇ ಬಾಟಲಿ ತೆಗೆಯಬಹುದು, ನಮಗೆ ಬೇಕಾದದ್ದು ಎರಡು. ಆ ಲೆಕ್ಕ ನಾನು ಅವರಿಗೆ ಹೇಳುವ ಮೊದಲೇ ಅವರು ಹೇಳಿಯಾಗಿತ್ತು.

ಟೆಂಪೋದಲ್ಲಿ ಏಳು ಜನ ಬಂದಿಳಿದರು. ಬುಧವಾರವೇ ಪರೀಕ್ಷೆಯಾಯಿತು. ಸೋದರಮಾವನನ್ನೇ ಮದುವೆಯಾಗುವ ನಮ್ಮ ಕಡೆಯ ಪದ್ಧತಿಯಿಂದ ಆಗುವ ತೊಂದರೆಗಳನ್ನು ಡಾಕ್ಟರುಗಳು ಸಾಕಷ್ಟು ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಅಪರೂಪದ ಗುಣವೊಂದು ಒಂದೇ ಮನೆಯಲ್ಲಿ ಉಳಿದುಕೊಂಡು ಬರುವುದೂ ಅದರಿಂದಲೇ. ಏಳರಲ್ಲಿ ಮೂವರು ಬಾಂಬೆ. ಫಕ್ಕೀರಪ್ಪ, ಅವರ ದೊಡ್ಡ ಮಗಳು, ಕೊನೆಯ ಮಗ. ಎರಡು ಬಾಟಲಿ ಬೇಕಿತ್ತು, ಮೂರು ಬಂದವು. ಕೊನೆಯ ಮಗ ಸೂಜಿ ಕಂಡು ಕಣ್ಣು ಕತ್ತಲೆ ಬಂದು ಬಿದ್ದ, ಎದ್ದು ಮತ್ತೆ ಕೈ ಚಾಚಿದ.

ಶುಕ್ರವಾರ ನಾನು ರಜೆ ಹಾಕಿ ಆಸ್ಪತ್ರೆಗೆ ಹೋದೆ. ಮನಸ್ಸು ತಡೆಯಲಿಲ್ಲ. ಹನ್ನೊಂದಕ್ಕೆ ಸಿಂಚನಾಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಮಹಾನಂದಾ, ಅವಳ ಮಗ, ಡಂಬಳದ ಏಳೂ ಜನ, ನಾನು. ಎರಡು ಬಾಟಲಿ ಒಳಗೆ ಹೋದವು. ಸ್ವಲ್ಪ ಹೊತ್ತಿಗೆ ನರ್ಸು ಓಡಿಬಂದು ಮೂರನೆಯದನ್ನೂ ಒಯ್ದಳು. ಆಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಮುಖಕ್ಕೆ ಕಟ್ಟಿದ್ದನ್ನು ಕೆಳಗೆ ಎಳೆದು, “ಇಬ್ಬರೂ ಆರಾಮ. ಹೆಣ್ಣು ಕೂಸು” ಎಂದರು.

ಫಕ್ಕೀರಪ್ಪ ತಲೆಯ ರುಮಾಲು ತೆಗೆದು ಕಣ್ಣೊರೆಸಿಕೊಂಡರು. ಅವರ ಹೆಂಡತಿ ಮಹಾನಂದಾಳನ್ನು ತಬ್ಬಿಕೊಂಡು, “ಇನ್ನ ಬೀಗರು ಆದ್ವಿ ಬಿಡ್ರಿ” ಎಂದಳು. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ನನಗೆ ಮಾತ್ರ ಸಮಾಧಾನದ ಜೊತೆಗೇ ಒಳಗೊಂದು ಮುಳ್ಳು ಆಡುತ್ತಿತ್ತು. ಮಹಾನಂದಾಳನ್ನು ಪಕ್ಕಕ್ಕೆ ಕರೆದೆ.

“ಮಹಾನಂದಾ, ಅವತ್ತ ನಾ ನಿನಗ ಸುಳ್ಳ ಹೇಳಿದ್ನಿ. ಆ ಮೂರು ಪಟ್ಟಿ ಕಲಿ ಅಲ್ಲವಾ. ನನ್ನ ಕೈಯಿಂದ ಆದದ್ದು. ನಾ ಗಾಜಿಗೆ ವಿಭೂತಿ ಬಳದಿದ್ನಿ. ಐದು ತಾಸು ನಿನ್ನ ಜೀವ ಹಿಂಡಿದೆ.”

ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. ಮಗ್ಗದ ಮುಂದೆ ದುಡಿದು ಗಟ್ಟಿಯಾದ ಕೈಗಳು.

“ಐದು ತಾಸು ಹೋತು, ಅಷ್ಟ ಅಕ್ಕಾರ. ಶುಕ್ರವಾರ ಹೋಗ್ಲಿಲ್ಲಲ್ಲ” ಎಂದಳು. “ಬರ್ರಿ, ಕೂಸಿನ ಮಾರಿ ನೋಡೂಣು.”

ಕಣ್ಣೊರೆಸಿಕೊಂಡು ಆಕೆಯ ಹಿಂದೆ ಹೋದೆ.